ಕಲೆಯಕ್ಕ ಓದಿದ ಚೀಟಿ

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವರು ಹನ್ನೊಂದು ಜನ. ಹನ್ನೊಂದು ಜನಕ್ಕೂ ಅಡ್ಡಹೆಸರಿತ್ತು. ಅವಳದು ಕಲೆಯಕ್ಕ. ರಕ್ತದ ಕಲೆ, ಕೀವಿನ ಕಲೆ, ಔಷಧಿಯ ಕಲೆ, ಹೆರಿಗೆಯಾದವರ ಹಾಸಿಗೆಯ ಕಲೆ, ಸತ್ತವರ ಹಾಸಿಗೆಯ ಕಲೆ, ಯಾವುದೇ ಇರಲಿ, ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಯಂತ್ರ ಸೋತು ಉಗುಳಿದ್ದು ಅವಳ ತೊಟ್ಟಿಗೆ ಬರುತ್ತಿತ್ತು. ತನ್ನ ತೊಟ್ಟಿಯಿಂದ ಕಲೆ ಇಟ್ಟುಕೊಂಡು ಹೊರಬಂದ ಬಟ್ಟೆ ಹದಿನಾಲ್ಕು ವರ್ಷದಲ್ಲಿ ಒಂದೂ ಇಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಬೇರೆ ಹೇಳಿಕೊಳ್ಳುವಂಥದ್ದು ಅವಳ ಹತ್ತಿರ ಹೆಚ್ಚೇನೂ ಇರಲಿಲ್ಲ.

ಕೆಲಸದ ಕ್ರಮ ಸುಲಭ. ಮೇಲಿನ ಮಹಡಿಗಳಿಂದ ಬಟ್ಟೆಯ ಗಂಟುಗಳು ಒಂದು ಕೊಳವೆಯೊಳಗೆ ಜಾರಿಕೊಂಡು ಬಂದು ಧೊಪ್ಪೆಂದು ಕೆಳಗೆ ಬೀಳುತ್ತವೆ. ಹಟಮಾರಿ ಕಲೆ ಇರುವ ಬಟ್ಟೆಗೆ ಮೇಲಿನ ಆಯಾಗಳು ಒಂದು ಚೀಟಿ ಚುಚ್ಚಿ, ಅದರ ಮೇಲೆ 'ಕಲೆ' ಎಂದು ಬರೆದಿರುತ್ತಾರೆ. ಆ ಚೀಟಿ ಕಂಡರೆ ಬಟ್ಟೆ ನೇರ ಕಲೆಯಕ್ಕನ ತೊಟ್ಟಿಗೆ. ತೆಗೆದ ಮೇಲೆ ಅವಳು ಅದೇ ಚೀಟಿಯ ಕೆಳಗೆ 'ಹೋಗಿದೆ' ಎಂದು ಬರೆದು ಮೇಲಕ್ಕೆ ಕಳಿಸುತ್ತಾಳೆ. ಏಳನೇ ತರಗತಿಯ ಓದು. ದುಂಡಗಿನ ಅಕ್ಷರ. ಕಲೆ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ ಎಂದು ಶಾಲೆಯಲ್ಲಿ ಅವಳೂ ಕಲಿತಿದ್ದಳು. ನೆಲಮಾಳಿಗೆಯಲ್ಲಿ ಆ ಅರ್ಥಕ್ಕೆ ಕೆಲಸವಿರಲಿಲ್ಲ.

ಕೈಗವಸು ವರ್ಷಕ್ಕೆ ಎರಡು ಜೊತೆ. ಎರಡೂ ಸೇರಿ ಮೂರು ತಿಂಗಳು ಬಾಳುತ್ತವೆ. ಮಿಕ್ಕ ಒಂಬತ್ತು ತಿಂಗಳು ಬರಿಗೈ. ಬ್ಲೀಚಿಂಗ್ ಪುಡಿ ಉಗುರಿನ ಸಂದಿಯನ್ನು ತಿನ್ನುತ್ತದೆ. ಗೆಣ್ಣುಗಳು ಒಡೆಯುತ್ತವೆ. ಊಟಕ್ಕೆ ಕೂತರೆ ಖಾರ ತಾಗಿ ಕಣ್ಣಲ್ಲಿ ನೀರು. ವಾಸನೆಯಂತೂ ಚರ್ಮದೊಳಗೆ ಮನೆ ಮಾಡಿಕೊಂಡಿತ್ತು. ಊರಿನವರ ಹೊಲಸನ್ನೆಲ್ಲ ತೆಗೆಯುವವಳಿಗೆ ತನ್ನ ಮೈಯ ವಾಸನೆ ತೆಗೆಯಲು ಬರಲಿಲ್ಲ. ಅವಳು ಅದನ್ನೂ ನಗೆಚಾಟಿಕೆ ಮಾಡುತ್ತಿದ್ದಳು. "ನನ್ನ ಪಕ್ಕ ಮಲಗಿದ್ರೆ ಸೊಳ್ಳೆ ಕೂಡ ಹತ್ರ ಬರಲ್ಲ," ಎನ್ನುತ್ತಿದ್ದಳು. ಅವಳ ಪಕ್ಕ ಮಲಗುತ್ತಿದ್ದದ್ದು ಮಗಳು.

ಐದನೇ ಮಹಡಿಯಲ್ಲಿ ಹರೆಯದ ಮಕ್ಕಳ ಮನಸ್ಸಿನ ವಾರ್ಡು. ಅಲ್ಲಿ ಚಿತ್ರ ಬರೆಸಿ, ಬಣ್ಣ ಬಳಿಸಿ ಮನಸ್ಸಿನ ಭಾರ ಇಳಿಸುತ್ತಾರಂತೆ ಎಂದು ಕೆಳಗಿನವರು ಕೇಳಿದ್ದರು. ನೋಡಿದವರಿಲ್ಲ. ಒಗೆಯುವವರು ಮುಂದಿನ ಲಿಫ್ಟು ಹತ್ತುವಂತಿಲ್ಲ. ಹಿಂದಿನ ಮೆಟ್ಟಿಲು, ಅದೂ ಕರೆ ಬಂದರೆ. ಆ ವಾರ್ಡಿನ ಹಸಿರು ಗಂಟು ಮೊದಲ ಸಲ ಕೆಳಗೆ ಬಿದ್ದ ದಿನ ಕಲೆಯಕ್ಕ ಅದನ್ನು ಕಾಲಲ್ಲಿ ತಳ್ಳಿ, "ಬಂತು ನೋಡ್ರಪ್ಪಾ ಹುಚ್ಚರ ಗಂಟು. ದೂರ ಇರಿ, ಕಚ್ಚೀತು," ಎಂದಿದ್ದಳು. ನೆಲಮಾಳಿಗೆ ಬಿದ್ದು ಬಿದ್ದು ನಕ್ಕಿತ್ತು. ಅವತ್ತಿನಿಂದ ಅದಕ್ಕೆ ಅದೇ ಹೆಸರು. ಮೇಸ್ತ್ರಿಯ ಬಾಯಲ್ಲೂ ಅದೇ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಅದಾದ ಎರಡು ವರ್ಷಕ್ಕೆ ಅವಳ ಮಗಳು ಅದೇ ವಾರ್ಡಿಗೆ ಸೇರಿದಳು.

ಒಬ್ಬಳೇ ಮಗಳು. ಹದಿನೇಳು ವರ್ಷ. ಅಪ್ಪ ಅನ್ನಿಸಿಕೊಂಡವನು ಇವರ ಮುಖ ಮರೆತು ಹತ್ತು ವರ್ಷ. ಹುಡುಗಿ ಓದಿನಲ್ಲಿ ಚುರುಕು. ಕಾಲೇಜಿಗೆ ಸೇರಿ ನಾಲ್ಕು ತಿಂಗಳು ಚೆನ್ನಾಗಿಯೇ ಹೋದಳು. ಒಂದು ದಿನ ಬಿಟ್ಟಳು. ಕೇಳಿದರೆ ಉತ್ತರವಿಲ್ಲ. ದಿನಕ್ಕೆ ನಾಲ್ಕು ಸಲ ಸ್ನಾನ. ಆಮೇಲೆ ಆರು ಸಲ. ತನ್ನ ಬಟ್ಟೆಯನ್ನು ತಾಯಿಯ ಕೆಲಸದ ನೀಲಿ ಕೋಟಿನ ಪಕ್ಕ ಒಣಹಾಕಲು ಬಿಡಳು. ಮಾತು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಕಲೆಯಕ್ಕ ಮೊದಲು ಬೈದಳು. ಆಮೇಲೆ ಬೇಡಿಕೊಂಡಳು. ಒಂದು ದಿನ ಕೆನ್ನೆಗೆ ಬಾರಿಸಿ, "ಕೈ ಸವೆಸಿ ಓದಿಸ್ತಿದೀನಿ, ನಿನಗೆ ಕೊಬ್ಬು ಬಂದಿದೆ," ಎಂದಳು. ಆ ವಾರವೇ ಒಂದು ಮಧ್ಯಾಹ್ನ ಹುಡುಗಿ ಬಚ್ಚಲಿನ ಬಾಗಿಲು ಹಾಕಿಕೊಂಡು, ತಾಯಿ ತಂದಿಟ್ಟಿದ್ದ ಬ್ಲೀಚಿಂಗ್ ಪುಡಿಯನ್ನು ಒದ್ದೆ ಮಾಡಿ ಎರಡೂ ತೋಳಿಗೆ ಹಚ್ಚಿ, ಪಾತ್ರೆ ತಿಕ್ಕುವ ನಾರಿನಿಂದ ಚರ್ಮ ಸುಲಿಯುವವರೆಗೆ ಉಜ್ಜಿಕೊಂಡಳು.

ಗಾಯಕ್ಕೆ ಪಟ್ಟಿ ಕಟ್ಟಿದ ಡಾಕ್ಟರು ಐದನೇ ಮಹಡಿಗೆ ಬರೆದುಕೊಟ್ಟರು. ಅಲ್ಲಿ ಬಡವರಿಗೆಂದು ಎರಡು ಬಿಟ್ಟಿ ಹಾಸಿಗೆಗಳಿದ್ದವು. ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ಕಲೆಯಕ್ಕ 'ಮನೆಗೆಲಸ' ಎಂದು ಬರೆದಳು. ನೆಲಮಾಳಿಗೆಯಲ್ಲಿ, "ಮಗಳನ್ನ ಅಕ್ಕನ ಮನೇಲಿ ಬಿಟ್ಟಿದೀನಿ, ಗಾಳಿ ಬದಲಾಗ್ಲಿ ಅಂತ," ಎಂದಳು. ಎರಡು ಸುಳ್ಳು. ಒಂದು ಮೇಲೆ, ಒಂದು ಕೆಳಗೆ. ಹುಚ್ಚರ ಗಂಟು ಎಂದು ಹೆಸರಿಟ್ಟವಳು, ಆ ಗಂಟಿನಲ್ಲಿ ಈಗ ತನ್ನ ಮಗಳ ಹೊದಿಕೆಯೂ ಇದೆ ಎಂದು ಯಾವ ಬಾಯಲ್ಲಿ ಹೇಳಿಯಾಳು?

ಬೆಳಿಗ್ಗೆ ಏಳಕ್ಕೆ, ನೀಲಿ ಕೋಟನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು, ಮುಂದಿನ ಲಿಫ್ಟಿನಲ್ಲಿ ಬೇರೆ ಯಾರೋ ಆಗಿ ಮೇಲೆ ಹೋಗುತ್ತಿದ್ದಳು. ಹತ್ತು ನಿಮಿಷ ಮಗಳ ಎದುರು ಕೂರುತ್ತಿದ್ದಳು. ಮಗಳು ಅವಳ ಕೈ ನೋಡುತ್ತಿದ್ದಳೇ ಹೊರತು ಮುಖ ನೋಡುತ್ತಿರಲಿಲ್ಲ. ಎಂಟಕ್ಕೆ ಕೋಟು ಹಾಕಿಕೊಂಡು ತೊಟ್ಟಿಯ ಮುಂದೆ ನಿಲ್ಲುತ್ತಿದ್ದಳು.

ಐದನೇ ವಾರದಲ್ಲಿ ಒಂದು ದಿನ ಚಿತ್ರ ಬರೆಸುವ ಮೇಡಂ ಲಿಫ್ಟಿನ ಬಾಗಿಲಲ್ಲಿ ಅವಳನ್ನು ಹಿಡಿದು ನಿಲ್ಲಿಸಿದರು. ಮೂವತ್ತು ದಾಟದ ಹೆಣ್ಣುಮಗಳು. ಮೊಣಕೈವರೆಗೂ ಬಣ್ಣ ಮೆತ್ತಿಕೊಂಡಿತ್ತು.

"ಅಮ್ಮ, ಬುಧವಾರ ಮೂರು ಗಂಟೆಗೆ ಮನೆಯವರು ಬರೋ ಹೊತ್ತು. ಎಲ್ಲರ ಅಪ್ಪ ಅಮ್ಮ ಬರ್ತಾರೆ. ನೀವೊಬ್ಬರೇ ಒಂದು ಸಲವೂ ಬಂದಿಲ್ಲ."

"ಕೆಲಸ ಮೇಡಂ."

"ನಿಮ್ಮ ಮಗಳು ಮೂರು ವಾರದಿಂದ ಒಂದೇ ಚಿತ್ರ ಬರೀತಿದಾಳೆ. ಮಾತಾಡಲ್ಲ, ಆದ್ರೆ ಬರೀತಾಳೆ. ಏನಾಯ್ತು ಅನ್ನೋದೆಲ್ಲ ಅದರಲ್ಲಿದೆ ಅನ್ಸುತ್ತೆ. ಮೊದಲು ಅಮ್ಮನಿಗೇ ತೋರಿಸ್ಬೇಕು ಅಂತ ಹಾಳೆ ಮೇಲೆ ಬರೆದು ಕೊಟ್ಟಿದಾಳೆ. ನಾನೂ ಪೂರ್ತಿ ನೋಡಿಲ್ಲ, ಮುಚ್ಚಿಟ್ಟುಕೊಂಡು ಬರೀತಾಳೆ. ಈ ಬುಧವಾರ ದಯವಿಟ್ಟು ಬನ್ನಿ."

"ನೋಡ್ತೀನಿ ಮೇಡಂ," ಎಂದಳು ಕಲೆಯಕ್ಕ. ಒಳಗೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದುಕೊಂಡಳು. ಬಾಯಿ ಬಿಡದವಳು ಬಣ್ಣ ಬಳಿದರೆ ಹುಷಾರಾಗುತ್ತಾಳೆಯೇ?

ಆದರೂ ಮೇಸ್ತ್ರಿಯನ್ನು ಕೇಳಿದಳು. "ಬುಧವಾರ ಒಂದು ಗಂಟೆ ಬಿಡಿ ಮೇಸ್ತ್ರಿ. ಅಕ್ಕನ ಮನೆಗೆ ಹೋಗಿ ಮಗಳನ್ನ ನೋಡಿ ಬರ್ತೀನಿ."

"ಅಕ್ಕನ ಮನೆ ಭಾನುವಾರಾನೂ ಅಲ್ಲೇ ಇರುತ್ತೆ. ಓಡಿ ಹೋಗಲ್ಲ," ಎಂದ ಮೇಸ್ತ್ರಿ.

ನಿಜ ಹೇಳಿದ್ದರೆ ಬಿಡುತ್ತಿದ್ದನೋ ಏನೋ. ಹೇಳಲಿಲ್ಲ. ನಾಚಿಕೆಗೇಡಿನ ಸಂಗತಿ ಏನೆಂದರೆ, ಅವನು ಆಗಲ್ಲ ಎಂದಾಗ ಅವಳಿಗೆ ಒಳಗೊಳಗೇ ಸಮಾಧಾನವಾಯಿತು. ಕಾರಿನಲ್ಲಿ ಬರುವ ಅಪ್ಪ ಅಮ್ಮಂದಿರ ನಡುವೆ ಈ ಕೈ ಇಟ್ಟುಕೊಂಡು ಕೂರುವುದು ತಪ್ಪಿತಲ್ಲ ಎಂದು.

ಮಂಗಳವಾರ ಮಧ್ಯಾಹ್ನ ಹುಚ್ಚರ ಗಂಟು ಬಿತ್ತು. ಬಿಚ್ಚಿದಾಗ ಮೇಲೆಯೇ ಒಂದು ಹಾಸಿಗೆ ಬಟ್ಟೆ. ಮುದ್ದೆಯಾಗಿತ್ತು, ಅರ್ಧ ಒದ್ದೆ. ಚೀಟಿ ಚುಚ್ಚಿತ್ತು. 'ಕಲೆ. ಐದನೇ ಮಹಡಿ.' ಆಯಾಗಳ ಗೀಚು ಬರಹವಲ್ಲ, ಚೆಂದದ ಅಕ್ಷರ. ಯಾರೋ ಹೊಸ ಆಯಾ ಎಂದುಕೊಂಡಳು.

ಮುದ್ದೆಯನ್ನು ಹಾಗೆಯೇ ತೊಟ್ಟಿಗೆ ಹಾಕಿದಳು. ಅವಳ ಪದ್ಧತಿ ಅದು. ಬಟ್ಟೆಯನ್ನು ಪೂರ್ತಿ ಹರಡಿದರೆ ಒಂದು ಕಲೆ ಇನ್ನೊಂದಕ್ಕೆ ತಾಗುತ್ತದೆ. ಒಂದೊಂದೇ ಅಂಗೈಯಗಲ ಎಳೆದು, ಕಲ್ಲಿನ ಮೇಲಿಟ್ಟು, ಅದರದ್ದನ್ನು ಮುಗಿಸಿ ಮುಂದಕ್ಕೆ ಹೋಗಬೇಕು. ಮೊದಲು ಕೆಂಪು ಕಂಡಿತು. ರಕ್ತವಿರಬಹುದೆಂದು ತಣ್ಣೀರೇ ಹಾಕಿದಳು. ಬಿಸಿನೀರು ಬಿದ್ದರೆ ರಕ್ತ ನೂಲಿನೊಳಗೆ ಕೂತುಬಿಡುತ್ತದೆ. ಅದು ರಕ್ತವಲ್ಲ, ಬಣ್ಣ. ಸಾಬೂನಿಗೇ ಬಿಟ್ಟಿತು. ಆಮೇಲೆ ಕಂದು. ಕಂದು ಉದ್ದಕ್ಕೆ, ಅಡ್ಡಕ್ಕೆ, ನಾಲ್ಕು ಕಾಲಿನಂತೆ ಕೆಳಗೆ ಇಳಿದಿತ್ತು. ಅದಕ್ಕೆ ಸೋಡಾ, ಬಿಸಿನೀರು. ಆಮೇಲೆ ದಪ್ಪ ಬಿಳಿ ಬಣ್ಣದ ಸಣ್ಣ ಸಣ್ಣ ತೇಪೆಗಳು, ಪ್ರತಿಯೊಂದರ ಮೇಲೂ ಎರಡು ಕರಿ ಚುಕ್ಕೆ. ಚುಕ್ಕೆ ಶಾಯಿಯದು. ಹಳೇ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿಗೆ ಅದ್ದಿ ಒಂದೊಂದನ್ನೇ ತಿಕ್ಕಿದಳು. ಮೂವತ್ತು ಚುಕ್ಕೆ ಇದ್ದವು. ಕೊನೆಗೆ ಒಂದು ಮೂಲೆಯಲ್ಲಿ ಮೇಣದ ಬಳಪದ ನೀಲಿ, ದಪ್ಪಗೆ, ಒತ್ತಿ ಒತ್ತಿ ಬಳಿದದ್ದು. ಅದು ಯಾವುದಕ್ಕೂ ಜಗ್ಗಲಿಲ್ಲ.

"ಇಸ್ತ್ರಿ ಮಾವ, ಕಾಯಿಸಿಟ್ಟಿದೀಯಾ?" ಎಂದು ಕೂಗಿದಳು.

ಇಸ್ತ್ರಿ ಮಾವ ನೆಲಮಾಳಿಗೆಯ ಹಿರಿಯ. ಬಟ್ಟೆಯ ಮೇಲೆ ಹಳೇ ಪತ್ರಿಕೆ ಹಾಸಿ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದ. ಮೇಣ ಕರಗಿ ಪತ್ರಿಕೆಗೆ ಏರಿತು. ಉಳಿದ ನೀಲಿ ನೆರಳನ್ನು ಕಲೆಯಕ್ಕ ಬ್ಲೀಚಿನಲ್ಲಿ ಮುಳುಗಿಸಿ, ಗೆಣ್ಣಿನಿಂದ ತಿಕ್ಕಿದಳು. ಗೆಣ್ಣು ಒಡೆದು ರಕ್ತ ಬಂತು. ಆ ರಕ್ತವನ್ನೂ ತಣ್ಣೀರಿನಲ್ಲಿ ತೆಗೆದಳು. ಎರಡೂವರೆ ಗಂಟೆ ಹಿಡಿಯಿತು.

"ಏನು ತಿಂದು ಏನು ಕಕ್ತಾರೋ ಈ ಹುಚ್ಚರು," ಎಂದ ಮಾವ.

"ತಿನ್ನೋದು ಕಾಮನಬಿಲ್ಲು ಇರ್ಬೇಕು," ಎಂದಳು ಕಲೆಯಕ್ಕ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಚಿತ್ರ ಎಂದರೆ ಹಾಳೆಯ ಮೇಲೆ ಬರೆಯುವುದು, ಹಾಸಿಗೆ ಬಟ್ಟೆಯ ಮೇಲಿರುವುದು ಕಲೆ. ಹದಿನಾಲ್ಕು ವರ್ಷ ಅವಳ ಕಣ್ಣು ಅಷ್ಟನ್ನೇ ಕಲಿತಿತ್ತು. ಒಣಗಿಸಿ, ಇಸ್ತ್ರಿ ಮಾಡಿಸಿ, ಹಾಲಿನಂಥ ಬಟ್ಟೆಗೆ ಚೀಟಿ ಚುಚ್ಚಿ, ಕೆಳಗೆ ದುಂಡಗೆ 'ಹೋಗಿದೆ' ಎಂದು ಬರೆದು ಮೇಲಕ್ಕೆ ಕಳಿಸಿದಳು.

ಬುಧವಾರ ಹನ್ನೊಂದಕ್ಕೆ ಕರೆ ಬಂತು. ದೊಡ್ಡ ಸಾಹೇಬರ ಕೋಣೆ. ಹಿಂದಿನ ಮೆಟ್ಟಿಲು ಹತ್ತಿ ಹೋದಳು. ಕೋಟು ಒದ್ದೆ, ಚಪ್ಪಲಿ ಒದ್ದೆ. ನೆಲದ ಮೇಲೆ ಹೆಜ್ಜೆ ಮೂಡುತ್ತಿತ್ತು. ಮೇಜಿನ ಮೇಲೆ ಅವಳು ಒಗೆದ ಬಟ್ಟೆ, ಅವಳು ಬರೆದ ಚೀಟಿ. ಗೋಡೆಯ ಕಡೆ ಮುಖ ಮಾಡಿ ಯಾರೋ ನಿಂತಿದ್ದರು.

"ಇದನ್ನ ತೊಳೆದವಳು ನೀನೇನಾ?"

"ಹೌದು ಸಾರ್."

"ಕಣ್ಣು ಕಾಣ್ಸಲ್ವಾ? ಚೀಟಿ ಓದೋಕೆ ಬರಲ್ವಾ?"

"ಓದಿದೆ ಸಾರ್. ಕಲೆ ಅಂತ ಬರೆದಿತ್ತು. ಕಲೆ ತೆಗೆದೆ."

"ಅದು ಕಲೆ ಕಣಮ್ಮ!" ಸಾಹೇಬರು ಮೇಜು ಗುದ್ದಿದರು. "ಚಿತ್ರಕಲೆ! ಒಂದು ಪೇಶೆಂಟ್ ಹುಡುಗಿ ಮೂರು ವಾರ ಕೂತು ಬರೆದಿದ್ದು. ಶುಕ್ರವಾರ ದಾನಿಗಳು ಬರ್ತಿದಾರೆ. ಅವರಿಗೆ ಏನು ತೋರಿಸ್ಲಿ? ನಿನ್ನ ಬಿಳೀ ಬಟ್ಟೆನಾ?"

ಗೋಡೆಯ ಕಡೆಯಿಂದ ಚಿತ್ರದ ಮೇಡಂ ತಿರುಗಿದರು. ಕಣ್ಣು ಕೆಂಪಾಗಿತ್ತು. ಕೋಟು ನೋಡಿದರು, ಆಮೇಲೆ ಮುಖ ನೋಡಿದರು.

"ಅಮ್ಮ... ನೀವಾ?" ಎಂದರು.

ಕಲೆಯಕ್ಕನಿಗೆ ಎಲ್ಲ ಒಟ್ಟಿಗೆ ತಿಳಿಯಿತು. ಕಂದು ಕಾಲುಗಳು, ಮೂವತ್ತು ಕರಿ ಚುಕ್ಕೆ, ಒತ್ತಿ ಒತ್ತಿ ಬಳಿದ ನೀಲಿ. ಮೊದಲು ಅಮ್ಮನಿಗೇ ತೋರಿಸಬೇಕು. ತೋರಿಸಿದ್ದಳು. ಅಮ್ಮ ಎರಡೂವರೆ ಗಂಟೆ ನೋಡಿದ್ದಳು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು. ಅವಳು ಬಂದದ್ದೇ ನೆಲದ ಕೆಳಗಿನಿಂದ.

ಸಾಹೇಬರಿಗೆ ವಿಷಯ ಗೊತ್ತಾದ ಮೇಲೆ ದನಿ ತಗ್ಗಿತು. ಅದು ಇನ್ನೂ ಕೆಟ್ಟದ್ದಾಗಿತ್ತು. ಅರ್ಜಿಯಲ್ಲಿ ಸುಳ್ಳು ಬರೆದಿದ್ದೀಯ ಎಂದರು. ಒಂದು ಬುಧವಾರವೂ ಬಂದಿಲ್ಲ, ಮನೆಯವರ ಸಹಕಾರವಿಲ್ಲ ಎಂದು ಫೈಲಿನಲ್ಲಿದೆ ಎಂದರು. ಇಷ್ಟಕ್ಕೇ ಹಾಸಿಗೆ ಬಿಡಿಸಬಹುದು ಎಂದರು. ಆಮೇಲೆ ಒಂದು ಕಾಗದ ಬೆರಳಚ್ಚು ಮಾಡಿಸಿ ತಂದು ಮುಂದಿಟ್ಟರು.

"ಸೈನ್ ಮಾಡು. ಇನ್ನೂ ಎರಡು ವಾರ ಮಗಳು ಇಲ್ಲಿರ್ಲಿ. ಹೊಸದಾಗಿ ಒಂದು ಚಿತ್ರ ಬರೆದುಕೊಡೋಕೆ ಅವಳಿಗೆ ನೀನೇ ಹೇಳು."

ಅವಳು ಕಾಗದ ಓದಿದಳು. 'ನನಗೆ ಓದು ಬರಹ ಬಾರದ ಕಾರಣ, ನನ್ನ ಅಜ್ಞಾನದಿಂದ, ಬೆಲೆಬಾಳುವ ಕೃತಿಯೊಂದು ನಾಶವಾಗಿದ್ದು, ಇದಕ್ಕೆ ನಾನೊಬ್ಬಳೇ ಹೊಣೆ.' ಓದಿ ಮುಗಿಸಿದಳು. ಪೆನ್ನು ತೆಗೆದುಕೊಂಡು, ಕೆಳಗೆ, ದುಂಡಗೆ, ತನ್ನ ಹೆಸರು ಬರೆದಳು. ಓದು ಬರಹ ಬಾರದವಳು ಎಂದು ತಾನೇ ಬರೆದುಕೊಟ್ಟಳು. ಸಾಹೇಬರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಅವರಿಗೆ ಬೇಕಾದದ್ದು ಸಹಿ.

ಹೊರಗೆ ಬಂದಾಗ ಚಿತ್ರದ ಮೇಡಂ ಹಿಂದೆಯೇ ಬಂದರು. "ಚೀಟಿ ಬರೆದವಳು ನಾನು. ಯಾರೂ ಮುಟ್ಟಬಾರ್ದು ಅಂತ ಬರೆದೆ. ಒಣಗ್ಲಿ ಅಂತ ಕಂಬಿ ಮೇಲೆ ಹಾಕಿದ್ದೆ, ಆಯಾ ಗಂಟಿಗೆ ಹಾಕಿಬಿಟ್ಲು. ಸಾಹೇಬರಿಗೂ ಹೇಳಿದೆ. ಕಾಗದದಲ್ಲಿ ನನ್ನ ಹೆಸರು ಬೇಡ ಅಂದ್ರು."

"ನಿಮ್ಮ ಹೆಸರು ಹಾಕಿದ್ರೆ ಚೆನ್ನಾಗಿರಲ್ಲ ಮೇಡಂ," ಎಂದಳು ಕಲೆಯಕ್ಕ. ಅದು ಚುಚ್ಚು ಮಾತೋ ಸಮಾಧಾನವೋ ಅವಳಿಗೇ ಗೊತ್ತಿರಲಿಲ್ಲ.

ಮೂರು ಗಂಟೆಗೆ ಅವಳು ಮೇಸ್ತ್ರಿಯನ್ನು ಕೇಳಲಿಲ್ಲ. ಕೋಟು ಬಿಚ್ಚಲೂ ಇಲ್ಲ. ಹಾಗೆಯೇ ಮೇಲೆ ಹೋದಳು. ಬೇರೆ ಅಪ್ಪ ಅಮ್ಮಂದಿರು ಕುರ್ಚಿ ಸ್ವಲ್ಪ ಸರಿಸಿಕೊಂಡರು. ಮಗಳು ಕಿಟಕಿಯ ಪಕ್ಕ ಕೂತಿದ್ದಳು. ಮುಂದೆ ಹೊಸ ಬಿಳಿ ಬಟ್ಟೆ ಹಾಸಿದ್ದರು. ಬಣ್ಣದ ಬಟ್ಟಲುಗಳಿದ್ದವು. ಅವಳು ಕುಂಚ ಮುಟ್ಟಿರಲಿಲ್ಲ.

ತಾಯಿ ಎದುರಿಗೆ ಕೂತಳು. ಮಗಳು ಬಾಯಿ ತೆರೆದಳು. ಮೂರು ತಿಂಗಳಲ್ಲಿ ಮೊದಲ ಮಾತು.

"ತೆಗೆಯೋಕೆ ಮುಂಚೆ ನೋಡಿದ್ಯಾ?"

ದನಿ ತುಕ್ಕು ಹಿಡಿದಂತಿತ್ತು. ಕಲೆಯಕ್ಕನಿಗೆ ಸುಳ್ಳು ಹೇಳುವ ಆಸೆಯಾಯಿತು. ನೋಡಿದೆ ಮಗಾ, ಚೆನ್ನಾಗಿತ್ತು ಎಂದುಬಿಡಬಹುದಿತ್ತು.

"ಇಲ್ಲ," ಎಂದಳು. "ಕಲೆ ಮಾತ್ರ ನೋಡಿದೆ."

ಮಗಳು ತಲೆಯಾಡಿಸಿದಳು. ಆಮೇಲೆ, ಅಂಗಡಿಯ ಪಟ್ಟಿ ಓದುವವಳ ಹಾಗೆ, ಒಂದೊಂದೇ ಹೇಳಿದಳು. ಕಂದು ಅವಳ ಬೆಂಚು. ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು, ಆಸ್ಪತ್ರೆ ವಾಸನೆ ಎಂದು ಅವಳ ಬೆಂಚನ್ನು ಕಿಟಕಿಯ ಹತ್ತಿರ ಒಂಟಿಯಾಗಿ ಹಾಕಿಸಿದ್ದರು. ಬಿಳಿ ತೇಪೆಗಳು ಕರವಸ್ತ್ರ. ಹದಿನೈದು ಹುಡುಗ ಹುಡುಗಿಯರು ಮೂಗಿಗೆ ಹಿಡಿದ ಕರವಸ್ತ್ರ. ಕರಿ ಚುಕ್ಕೆಗಳು ಅದರ ಮೇಲಿನ ಕಣ್ಣು. ಕೆಂಪು ಮೇಷ್ಟ್ರ ಕೈಯ ಸೆಂಟಿನ ಡಬ್ಬಿ.

"ದಿನಾ ಹಾಜರಿ ತಗೊಳೋಕೆ ಮುಂಚೆ ನನ್ನ ಬೆಂಚಿಗೆ ಸೆಂಟು ಹೊಡೀತಿದ್ರು. ಎಲ್ಲರೂ ನಗೋರು. ನಕ್ಕು ಮುಗಿದ ಮೇಲೆ ಹಾಜರಿ."

"ನೀಲಿ?" ಎಂದಳು ಕಲೆಯಕ್ಕ. ಕೇಳಬಾರದಿತ್ತು.

"ನಿನ್ನ ಕೋಟು. ಹಗ್ಗದ ಮೇಲೆ ಒಣಹಾಕಿದ್ದು."

"ನನಗ್ಯಾಕೆ ಹೇಳಲಿಲ್ಲ ಕಣೆ?"

"ನಿನ್ನ ವಾಸನೆ ಅಂತ ನಿನಗೇ ಹೇಗಮ್ಮ ಹೇಳೋದು?"

ಕಲೆಯಕ್ಕ ತನ್ನ ಕೈಗಳನ್ನು ಕೋಟಿನ ಕೆಳಗೆ ಬಚ್ಚಿಟ್ಟುಕೊಂಡಳು. ಈ ಕೈ ಹೊಡೆದದ್ದು ಯಾರನ್ನು ಎಂದು ನೆನಪಾಯಿತು. ಹೇಳಿಬಿಡಬೇಕು ಎನ್ನಿಸಿತು. "ನಾನೂ ಒಂದು ತಪ್ಪು ಮಾಡಿದೀನಿ. ಈ ವಾರ್ಡಿನ ಗಂಟಿಗೆ..."

"ಗೊತ್ತು. ಹುಚ್ಚರ ಗಂಟು," ಎಂದಳು ಮಗಳು. "ಇಲ್ಲಿ ಆಯಾಗಳೂ ಹಾಗೇ ಅಂತಾರೆ. ಕೆಳಗಿನ ಕಲೆಯಕ್ಕ ಇಟ್ಟ ಹೆಸರು, ಅವಳ ಬಾಯಿ ಭಾರೀ ತಮಾಷೆ ಅಂತಾರೆ. ಮೊದಲನೇ ದಿನಾನೇ ಕೇಳಿಸ್ಕೊಂಡೆ."

ತಾಯಿ ತಲೆ ಎತ್ತಲಿಲ್ಲ. ಮಗಳೇ ಮಾತು ಮುಗಿಸಿದಳು. "ಮೊದಲು ನೀನು ನೋಡ್ಬೇಕಿತ್ತು. ಆಮೇಲೆ ಎಲ್ಲರೂ ನೋಡ್ಲಿ ಅಂತಾನೇ ಬರೆದಿದ್ದೆ. ಇನ್ನೊಂದು ಸಲ ಬರೆಯೋಕೆ ನನ್ನ ಕೈಲಿ ಆಗಲ್ಲ. ಅವರಿಗೆ ಹೇಳು."

ಗುರುವಾರ ಮೇಸ್ತ್ರಿ ಬಂದು ಹೇಳಿದ. "ನಾಳೆ ಹತ್ತು ಗಂಟೆಗೆ ನೀನು ಮೇಲೆ ನಿಲ್ಬೇಕಂತೆ. ಹುಡುಗಿ ಚಿತ್ರ ಬರೆಯಲ್ಲ ಅಂದಿದಾಳಂತೆ. ಅದರ ಬದಲು ನೀನು ಸೈನ್ ಮಾಡಿದ ಕಾಗದಾನ ದೊಡ್ಡದು ಮಾಡಿ ಚೌಕಟ್ಟು ಹಾಕ್ಸಿದಾರೆ. ನೀನು ಪಕ್ಕದಲ್ಲಿ ಕೈ ಮುಗಿದು ನಿಂತ್ಕೊಂಡ್ರೆ ಆಯ್ತು. ದಾನಿಗಳಿಗೆ ಅಯ್ಯೋ ಅನ್ಸುತ್ತೆ. ತೊಳೆದ ಕೋಟು ಹಾಕ್ಕೋ."

ಅವಳು ಸರಿ ಎಂದಳು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಎದ್ದರು. ಅವಳು ಏಳಲಿಲ್ಲ. ಆಪರೇಷನ್ ಕೋಣೆಯ ಕಡು ಹಸಿರು ಬಟ್ಟೆಯೊಂದನ್ನು ಉದ್ದ ಮೇಜಿನ ಮೇಲೆ ಹರಡಿದಳು. ಮಡಿಕೆ ಬಿಡಿಸಿ, ಪೂರ್ತಿ ಹರಡಿದಳು. ಮಗ್ಗಿಗೆ ಬ್ಲೀಚು ಸುರಿದುಕೊಂಡು, ಹಳೇ ಹಲ್ಲುಜ್ಜುವ ಬ್ರಷ್ಷು ಕೈಗೆತ್ತಿಕೊಂಡಳು. ಚುಕ್ಕೆಗಳನ್ನು ತೆಗೆದದ್ದೂ ಅದೇ ಬ್ರಷ್ಷು.

ಬ್ಲೀಚು ತಾಗಿದಲ್ಲಿ ಹಸಿರು ಸಾಯುತ್ತಿತ್ತು. ಮಾಸಲು ಹಳದಿ ಗೆರೆ ಮೂಡುತ್ತಿತ್ತು. ಮೊದಲು ಬೆಂಚು ಬರೆದಳು. ಬ್ರಷ್ಷು ಜಾರಿ ಒಂದು ಕಾಲು ಗಿಡ್ಡವಾಯಿತು. ಅಳಿಸಲು ಬರುವಂತಿಲ್ಲ. ಅವಳಿಗೆ ಗೊತ್ತಿದ್ದದ್ದು ತೆಗೆಯುವ ಕೆಲಸ. ಹಾಕುವ ಕೆಲಸ ಇದೇ ಮೊದಲು.

ಊಟ ಮುಗಿಸಿ ಬಂದ ಇಸ್ತ್ರಿ ಮಾವ ಬಾಯಿ ತೆರೆದು ನಿಂತ. "ಏನೇ ಇದು? ಆಸ್ಪತ್ರೆ ಬಟ್ಟೆ ಹಾಳು ಮಾಡ್ತಿದೀಯಲ್ಲೇ!"

"ನನ್ನ ಮಗಳು ಅಕ್ಕನ ಮನೇಲಿ ಇಲ್ಲ ಮಾವ. ಐದನೇ ಮಹಡೀಲಿ ಇದಾಳೆ. ಐದು ವಾರ ಆಯ್ತು. ಮೊನ್ನೆ ನೀನು ಮೇಣ ತೆಗೆದೆಯಲ್ಲ, ಅದು ಅವಳ ಬಟ್ಟೆ."

ಮಾವ ಮೇಜಿನ ಹತ್ತಿರ ಬಂದು ಹಳದಿ ಗೆರೆಗಳನ್ನು ಬಗ್ಗಿ ನೋಡಿದ. "ಮೊನ್ನೆ ನಾವು ನಕ್ಕೆವಲ್ಲೇ," ಎಂದ.

"ನಗಿಸಿದ್ದು ನಾನು."

ಅವನು ಹೋಗಿ ಪೆಟ್ಟಿಗೆಯನ್ನು ಕಾಯಲು ಇಟ್ಟ. ಅವಳು ಬಟ್ಟೆಯನ್ನು ಹದ ನೋಡಿ ಜಾಲಿಸಿದಳು. ಬ್ಲೀಚು ಹೆಚ್ಚು ಹೊತ್ತು ಕೂತರೆ ನೂಲನ್ನೇ ತಿನ್ನುತ್ತದೆ. ಮಾವ ಇಸ್ತ್ರಿ ಮಾಡಿಕೊಟ್ಟ. ಮೇಸ್ತ್ರಿ ಬಂದು ನೋಡಿ, ಬೈಯಲು ಬಾಯಿ ತೆರೆದವನು ಮಾವನ ಮುಖ ನೋಡಿ ಮುಚ್ಚಿಕೊಂಡ.

ಶುಕ್ರವಾರ ಹತ್ತಕ್ಕೆ ಅವಳು ಮುಂದಿನ ಲಿಫ್ಟಿನ ಹತ್ತಿರ ಹೋದಳು. ಮೈಮೇಲೆ ನೀಲಿ ಕೋಟು. ಕಾವಲಿನವನು ಹಿಂದಿನ ಮೆಟ್ಟಿಲಿಗೆ ಕೈ ತೋರಿಸಿದ.

"ಇವತ್ತು ದಾನಿಗಳಿಗೆ ನನ್ನನ್ನೇ ತೋರಿಸ್ತಿರೋದು," ಎಂದಳು. "ಮೆಟ್ಟಿಲು ಹತ್ತಿ ಬೆವರಿದ್ರೆ ವಾಸನೆ ಬರುತ್ತೆ." ಅವನು ಬಿಟ್ಟ.

ಐದನೇ ಮಹಡಿಯ ಸಭೆಯಲ್ಲಿ ಇಪ್ಪತ್ತು ಜನ ದಾನಿಗಳು, ವಾರ್ಡಿನ ಮಕ್ಕಳು, ಅವರ ಹಿಂದೆ ಆಯಾಗಳು. ಚಿತ್ರ ನಿಲ್ಲಿಸುವ ಕಂಬಿಯ ಮೇಲೆ ಚೌಕಟ್ಟು. ಅದರೊಳಗೆ ಅವಳ ಕಾಗದ, ಅವಳ ದುಂಡಗಿನ ಸಹಿ. ಸಾಹೇಬರು ಕೆಳಗಿನ ಸಿಬ್ಬಂದಿಯ ಅಜ್ಞಾನದ ಬಗ್ಗೆ, ಅವರಿಗೂ ತರಬೇತಿ ಬೇಕು ಎಂಬುದರ ಬಗ್ಗೆ ಮಾತಾಡುತ್ತಿದ್ದರು. ಪಕ್ಕದಲ್ಲಿ ನಿಲ್ಲು ಎಂದು ಅವಳಿಗೆ ಕಣ್ಣಲ್ಲೇ ಹೇಳಿದರು.

ಅವಳು ನಿಂತಳು. ಕೈ ಮುಗಿಯಲಿಲ್ಲ. ಚೌಕಟ್ಟನ್ನು ಕಂಬಿಯಿಂದ ಕೆಳಗಿಳಿಸಿ, ಎರಡೂ ಕೈಯಲ್ಲಿ ಹಿಡಿದು, ಗಟ್ಟಿಯಾಗಿ ಓದಿದಳು.

"'ನನಗೆ ಓದು ಬರಹ ಬಾರದ ಕಾರಣ...'"

ಯಾರೋ ಒಬ್ಬರು ನಕ್ಕರು, ಆಮೇಲೆ ನಿಲ್ಲಿಸಿದರು. ಅವಳು ತಡವರಿಸದೆ, ಒಂದು ಒತ್ತಕ್ಷರವನ್ನೂ ನುಂಗದೆ, ಕಾಗದವನ್ನು ಕೊನೆಯವರೆಗೂ ಓದಿದಳು. ಕೊನೆಗೆ ತನ್ನ ಹೆಸರನ್ನೂ ಓದಿದಳು. ಆಮೇಲೆ ಚೌಕಟ್ಟನ್ನು ಗೋಡೆಗೆ ಮುಖ ಮಾಡಿ ಇಟ್ಟಳು.

"ನನಗೆ ಓದೋಕೆ ಬರುತ್ತೆ," ಎಂದಳು. "ಸುಳ್ಳಿಗೆ ಸೈನ್ ಮಾಡಿದೆ. ಮಗಳ ಹಾಸಿಗೆ ಹೋಗುತ್ತೆ ಅನ್ನೋ ಭಯಕ್ಕೆ ಮಾಡಿದೆ. ಅದಕ್ಕೆ ಮುಂಚೆ ಇಂಥ ಮಗಳಿದಾಳೆ ಅನ್ನೋದನ್ನೇ ಮುಚ್ಚಿಟ್ಟಿದ್ದೆ. ಆ ಬಟ್ಟೆ ಮೇಲೆ ಏನಿತ್ತು ಅಂತ ಇವರು ಯಾರೂ ನಿಮಗೆ ಹೇಳಿಲ್ಲ. ಇದಿತ್ತು."

ಹಸಿರು ಬಟ್ಟೆಯನ್ನು ಬಿಚ್ಚಿ ಕಂಬಿಗೆ ಹಾಕಿದಳು. ಮಕ್ಕಳು ಬರೆದಂಥ ಚಿತ್ರ. ಸೊಟ್ಟ ಬೆಂಚು, ಅದರ ಮೇಲೆ ಒಂದು ಹುಡುಗಿ, ಮೂಗು ಮುಚ್ಚಿಕೊಂಡ ಮುಖಗಳು, ಮೇಷ್ಟ್ರ ಕೈಯಲ್ಲಿ ಡಬ್ಬಿ, ಹಗ್ಗದ ಮೇಲೆ ಒಂದು ಕೋಟು. ಮುಂದಿನ ಸಾಲಿನಲ್ಲಿ ಒಬ್ಬಾಕೆ, ಕಲೆಯಕ್ಕ ಒಳಗೆ ಬಂದಾಗಿನಿಂದಲೂ ಮೂಗಿನ ಹತ್ತಿರ ಹಿಡಿದಿದ್ದ ಕರವಸ್ತ್ರವನ್ನು ನಿಧಾನಕ್ಕೆ ಕೆಳಗಿಳಿಸಿದಳು.

"ಅದನ್ನ ತೆಗೀರಿ," ಎಂದರು ಸಾಹೇಬರು ಹಲ್ಲು ಕಚ್ಚಿ. "ತೊಳೆಯೋಕೆ ಹಾಕಿ."

"ಇದು ಹೋಗೋ ಕಲೆ ಅಲ್ಲ ಸಾರ್," ಎಂದಳು ಕಲೆಯಕ್ಕ. "ಬ್ಲೀಚು ತಿಂದಿದ್ದು ವಾಪಸ್ ಬರಲ್ಲ. ಬೇಕಾದ್ರೆ ಕೆಳಗೆ ಯಾರನ್ನಾದ್ರೂ ಕೇಳಿ."

ನಾಳೆ ಕೆಲಸ ಇರುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಹಾಸಿಗೆಯೂ ಅಷ್ಟೇ. ಅವಳು ಮಗಳ ಕಡೆ ನೋಡಲಾರದೆ ನೆಲ ನೋಡುತ್ತಾ ನಿಂತಳು.

ಮಗಳು ಎದ್ದು ಬಂದಳು. ಚಿತ್ರದ ಹತ್ತಿರ ನಿಂತು, ಪಟ್ಟಿ ಕಟ್ಟಿದ ಕೈ ಎತ್ತಿ, ಬೆರಳಿನಿಂದ ಗೆರೆ ಮುಟ್ಟಿ ನೋಡಿದಳು.

"ಬೆಂಚು ಸೊಟ್ಟ ಆಗಿದೆ," ಎಂದಳು.

"ಹ್ಞೂಂ."

ಬೆರಳು ಒಂದೊಂದು ಮುಖದ ಮೇಲೂ ಸರಿಯಿತು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಳು. ಕೊನೆಯ ಮುಖದ ಹತ್ತಿರ ಬೆರಳು ನಿಂತಿತು. ಅದಕ್ಕೂ ಮೂಗಿನ ಮೇಲೆ ಬಟ್ಟೆಯಿತ್ತು. ಮೈಮೇಲೆ ಉದ್ದ ಕೋಟಿತ್ತು.

"ಹದಿನೈದೇ ಜನ ಇದ್ದಿದ್ದು. ಇದು ಹದಿನಾರನೇದು. ಇದ್ಯಾರು?"

"ನಾನು."

"ನೀನು ಅಲ್ಲಿ ಇರ್ಲಿಲ್ಲಮ್ಮ."

"ಇದ್ದೆ ಕಣೆ," ಎಂದಳು ಕಲೆಯಕ್ಕ.

ಮಗಳು ತಾಯಿಯ ಪಕ್ಕಕ್ಕೆ, ಕೋಟಿಗೆ ತೋಳು ತಾಗುವಷ್ಟು ಹತ್ತಿರಕ್ಕೆ ಬಂದು ನಿಂತಳು.